ನಮ್ಮಣ್ಣನ ಬೆನ್ನು

ನಮ್ಮಣ್ಣ ತೀರಿಕೊಂಡಾಗ ಮನೆಯವರಿಗೆ ಎದುರಾದ ದೊಡ್ಡ ಪೇಚಾಟ ಅಂದರೆ ಫೋಟೋ. ಶಿವಗಣಾರಾಧನೆಯ ದಿನ ಒಂದು ಪಟ ಇಟ್ಟು ಹಾರ ಹಾಕಬೇಕಲ್ಲ, ಅದಕ್ಕೆ ಅವನ ಮುಖ ಇರುವ ಒಂದು ಫೋಟೋವೂ ಸಿಗಲಿಲ್ಲ. ಟ್ರಂಕು ಜಾಲಾಡಿದೆವು. ನನ್ನ ಮದುವೆಯ ಆಲ್ಬಂ ತಿರುವಿದೆವು. ಅದರಲ್ಲಿ ಅಣ್ಣ ಇದ್ದ, ಆದರೆ ಚಪ್ಪರದ ಅಂಚಿನಲ್ಲಿ ಕೈ ಮೇಲೆತ್ತಿ ಮಾವಿನ ತೋರಣ ಕಟ್ಟುತ್ತಾ, ನಮಗೆಲ್ಲ ಬೆನ್ನು ಹಾಕಿಕೊಂಡು ನಿಂತಿದ್ದ. ಆವತ್ತು ಫೋಟೋದವನು ಕೂಗಿದ್ದು ನನಗೆ ನೆನಪಿದೆ. "ಅಣ್ಣಾ, ಒಂಚೂರು ಈ ಕಡೆ ನೋಡಣ್ಣಾ!" ಅಣ್ಣ ತಿರುಗದೆಯೇ ಹೇಳಿದ್ದ: "ನಾನು ನೋಡೋನಪ್ಪಾ, ನೋಡಿಸ್ಕಳೋನಲ್ಲ."

ಕಡೂರಿನ ಅರ್ಧ ಜನರ ಮುಖ ಬರೆದವನ ಮುಖ ಕಡೂರಿನಲ್ಲಿ ಎಲ್ಲೂ ಇರಲಿಲ್ಲ.

"ಮಠದ ಗೋಡೆ ಮೇಲಾದ್ರೂ ನೋಡ್ಕೊಂಡು ಬರೋಣ ನಡಿ, ಅಲ್ಲಿ ಬರೆದಿದಾನಲ್ಲ ಅಷ್ಟೊಂದು," ಅಂದರು ನಮ್ಮ ಯಜಮಾನರು. ನಾನು ಕಾಫಿ ಉಕ್ಕಿತು ಅಂತ ಎದ್ದು ಒಳಗೆ ಹೋದೆ. ಒಲೆಯ ಮೇಲೆ ಕಾಫಿಯೇ ಇರಲಿಲ್ಲ. ಆ ಗೋಡೆಯ ಮೇಲೆ ನಮ್ಮಣ್ಣ ತನ್ನನ್ನು ತಾನೇ ಬರೆದುಕೊಂಡಿದ್ದ. ಅವನು ಹಾಗೆ ದೊಡ್ಡದಾಗಿ ಬರೆದುಕೊಂಡಿದ್ದು ಅದೊಂದೇ ಕಡೆ. ಅವನನ್ನು ಅಲ್ಲಿಂದ ಅಳಿಸಿದವಳು ನಾನು. ಅದು ಯಾರಿಗೂ ಗೊತ್ತಿಲ್ಲ ಎಂದುಕೊಂಡು ಇಷ್ಟು ವರ್ಷ ಅಜ್ಜಂಪುರದಲ್ಲಿ ಸಂಸಾರ ಮಾಡಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೈಗೆ ಹತ್ತಿದ್ದು ಶಾಲೆಯಲ್ಲಲ್ಲ, ಅಣ್ಣನ ಬೋರ್ಡುಗಳಲ್ಲಿ. ಕಡೂರಿನಲ್ಲಿ ನಮ್ಮ ಮನೆಯ ಮುಂದಿನ ಜಗುಲಿಯೇ ಅವನ ಪೇಂಟಿಂಗ್ ಅಂಗಡಿ. ಅವನು ಸೀಮೆಸುಣ್ಣದಲ್ಲಿ ಅಕ್ಷರದ ಅಂಚು ಎಳೆದು ಕೊಡುತ್ತಿದ್ದ, ನಾನು ಒಳಗೆ ಬಣ್ಣ ತುಂಬುತ್ತಿದ್ದೆ. ಕೊಬ್ಬರಿ ಮಂಡಿ, ಸೈಕಲ್ ಶಾಪು, ಹಿಟ್ಟಿನ ಗಿರಣಿ. ಹೀಗಾಗಿ ನಾನು ಏನು ಬರೆದರೂ ದಪ್ಪಕ್ಷರವೇ. ಬಣ್ಣ ತುಂಬುವಾಗ ನನಗೊಂದು ಕೆಟ್ಟ ಚಾಳಿ ಇತ್ತು, ಬ್ರಷ್ಷಿನ ಹಿಂದಿನ ತುದಿಯನ್ನು ಕಚ್ಚಿ ಅಗಿಯುವುದು. ನಮ್ಮಂಗಡಿಯ ಒಂದು ಬ್ರಷ್ಷಿಗೂ ನೆಟ್ಟಗೆ ಹಿಡಿ ಉಳಿದಿರಲಿಲ್ಲ. "ಲೇ ಆಡೇ, ಮೇಯ್ಬೇಡ ಕಣೇ ಅದನ್ನ, ಹುಲ್ಲಲ್ಲ," ಎಂದು ಬೈಯುತ್ತಿದ್ದ. ಆಡು ಅನ್ನುವುದೇ ನನ್ನ ಹೆಸರಾಗಿ ಹೋಯಿತು. ನನ್ನ ನಿಜವಾದ ಹೆಸರು ಹಿಡಿದು ಅವನು ಕರೆದದ್ದು ನನ್ನ ಮದುವೆಯ ಲಗ್ನಪತ್ರಿಕೆ ಓದಿದಾಗ ಮಾತ್ರ, ಅದೂ ಎರಡು ಸಲ ತಡವರಿಸಿ.

ಅವನಿಗೂ ಒಂದು ಚಾಳಿ ಇತ್ತು. ಬ್ರಷ್ ಒರೆಸಲು ಬಟ್ಟೆ ಹುಡುಕುತ್ತಿರಲಿಲ್ಲ. ಕೈ ಹಿಂದಕ್ಕೆ ತಿರುಗಿಸಿ ಅಂಗಿಯ ಬೆನ್ನಿಗೇ ಒರೆಸಿಬಿಡುತ್ತಿದ್ದ. ಮುಂದಿನಿಂದ ನೋಡಿದರೆ ಖಾಕಿ ಅಂಗಿ ತೊಟ್ಟ ಸಾಧು ಮನುಷ್ಯ. ಹಿಂದಿನಿಂದ ನೋಡಿದರೆ ಹೋಳಿ ಹಬ್ಬದ ಬಣ್ಣದ ಅಂಗಡಿ. ಅವ್ವ ಆ ಅಂಗಿ ಒಗೆಯುವಾಗಲೆಲ್ಲ, "ಈ ಕಡೆ ಇರೋನು ನನ್ನ ಮಗ, ಆ ಕಡೆ ಇರೋನು ಯಾವನೋ," ಎಂದು ಕಲ್ಲಿಗೆ ಬಡಿಯುತ್ತಿದ್ದಳು.

ಆ ಬೆನ್ನನ್ನು ನನ್ನಷ್ಟು ನೋಡಿದವರು ಇಲ್ಲ. ಹಿರೇನಲ್ಲೂರಿಗೋ ಸಖರಾಯಪಟ್ಟಣಕ್ಕೋ ಬೋರ್ಡು ಕೊಡಲು ಹೋಗುವಾಗ ಸೈಕಲ್ಲಿನ ಕ್ಯಾರಿಯರ್ ಮೇಲೆ ಬೋರ್ಡು ಹಿಡಿದುಕೊಂಡು ಕೂರುತ್ತಿದ್ದವಳು ನಾನು. ಹಸಿ ಬಣ್ಣ ಎಲ್ಲೂ ತಾಗದಂತೆ ಕೂರಬೇಕಿತ್ತು, ಅಲ್ಲಾಡುವ ಹಾಗಿರಲಿಲ್ಲ. ದಾರಿಯುದ್ದಕ್ಕೂ ನೋಡಲು ಇದ್ದದ್ದು ಅವನ ಬೆನ್ನು, ತಲೆಯ ಹಿಂಭಾಗ ಮಾತ್ರ. ಬಲಗಿವಿಯ ಮೇಲೆ ಪೆನ್ಸಿಲ್ಲು, ಕತ್ತಿನಲ್ಲಿ ಎರಡು ಗೆರೆ, ಕೂದಲಲ್ಲಿ ಎರಡು ಸುಳಿ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಎಂದು ಅವ್ವ ಹೆದರಿಕೊಂಡಿದ್ದಳು. ಅವನು ಒಂದೂ ಮಾಡಿಕೊಳ್ಳಲಿಲ್ಲ.

ಅವನ ಬದುಕನ್ನು ತಿರುಗಿಸಿದ್ದು ಒಂದು ಹಳೇ ಕ್ಯಾಲೆಂಡರು. ಎಪ್ಪತ್ತರ ದಶಕದ ಶುರುವಿನಲ್ಲಿ ಲಕ್ಕವಳ್ಳಿ ಅಣೆಕಟ್ಟಿನ ಹತ್ತಿರ "ನೀರಿಗೆ ಇಳಿಯಬಾರದು" ಎಂದು ಬೋರ್ಡು ಬರೆಯಲು ಹೋಗಿದ್ದ. ಅಲ್ಲೊಬ್ಬ ಎಂಜಿನಿಯರ್ ವರ್ಗವಾಗಿ ಮನೆ ಖಾಲಿ ಮಾಡುತ್ತಿದ್ದರಂತೆ. ರದ್ದಿಯಲ್ಲಿ ಬಿದ್ದಿದ್ದ ಒಂದು ಪರದೇಶದ ಕ್ಯಾಲೆಂಡರನ್ನು ಅಣ್ಣ ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತಿದ್ದುದನ್ನು ಕಂಡು, "ತಗೊಂಡ್ಹೋಗಯ್ಯ, ಅದರ ವರ್ಷ ಮುಗಿದುಹೋಗಿದೆ," ಎಂದು ಕೊಟ್ಟರಂತೆ. ತಿಂಗಳಿಗೊಂದು ಚಿತ್ರ, ಎಲ್ಲವೂ ಒಬ್ಬನೇ ಬರೆದವು. ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಎಂಬ ಸೀಮೆಯವನು, ಮುನ್ನೂರು ವರ್ಷಕ್ಕೂ ಹಿಂದಿನವನು. ಉಳಿದವರೆಲ್ಲ ರಾಜರನ್ನೂ ದೇವತೆಗಳನ್ನೂ ಬರೆಯುತ್ತಿದ್ದಾಗ ಇವನು ಹೆಂಡದಂಗಡಿಯಲ್ಲಿ ಕೂತು ಅಲ್ಲಿಗೆ ಬಂದವರನ್ನೇ ಬರೆದನಂತೆ. ಚಿಲುಮೆ ಸೇದುವವರು, ಇಸ್ಪೀಟಿಗೆ ಜುಟ್ಟು ಹಿಡಿದುಕೊಂಡವರು, ಕ್ಷೌರಿಕನ ಮುಂದೆ ಬಾಯಿ ಕಿಸಿದು ಹಲ್ಲು ಕೀಳಿಸಿಕೊಳ್ಳುವವನು. ಆ ಗುಂಪಿನಲ್ಲಿ ತನ್ನನ್ನೂ ಕೂರಿಸಿಕೊಂಡು ಬರೆದಿದ್ದಾನಂತೆ. ಸ್ನೇಹಿತರೆಂದರೆ ಪ್ರಾಣ, ನಾಳೆಯ ಚಿಂತೆ ಇಲ್ಲ, ವಯಸ್ಸಾಗುವ ಮೊದಲೇ ಹೋಗಿಬಿಟ್ಟನಂತೆ. ಇಷ್ಟನ್ನು ಎಂಜಿನಿಯರ್ ಹೇಳಿ ಜೀಪು ಹತ್ತಿದರು. ಅಣ್ಣನಿಗೆ ಜೀವಮಾನಕ್ಕೆ ಅಷ್ಟು ಸಾಕಾಯಿತು.

ಕ್ಯಾಲೆಂಡರು ನಡುಮನೆಯ ಗೋಡೆಗೆ ಬಂತು. ಚಿತ್ರ ಬರೆದವನನ್ನು ಅಣ್ಣ "ದೊಡ್ಡಪ್ಪ" ಎಂದು ಕರೆಯತೊಡಗಿದ.

"ಯಾವೂರ ದೊಡ್ಡಪ್ಪನೋ?" ಅಂದಳು ಅವ್ವ. ಹತ್ತಿರ ಹೋಗಿ ನೋಡಿ, "ಇದೇನೋ ಎಲ್ರ ಕೈಲೂ ಚೊಂಬು?"

"ಮಜ್ಜಿಗೆ ಕಣವ್ವ."

"ಮಜ್ಜಿಗೆ ಕುಡಿದು ಯಾರಾದ್ರೂ ಹಿಂಗೆ ಬೆಂಚಿನಿಂದ ಬೀಳ್ತಾರೇನೋ?"

"ಹುಳಿ ಮಜ್ಜಿಗೆ."

ಕೊರಳಲ್ಲಿ ಲಿಂಗ ಕಟ್ಟಿದ ನಮ್ಮವ್ವ ಆ ಕುಡುಕರನ್ನು ಎಂದೂ ಕೆಳಗಿಳಿಸಲಿಲ್ಲ. ಅವಳೇ ತಿಂಗಳು ತಿಂಗಳು ಹಾಳೆ ತಿರುವಿ ಹಾಕುತ್ತಿದ್ದಳು. ನಮ್ಮ ಮನೆಯಲ್ಲಿ ಹಲ್ಲು ಕೀಳುವ ತಿಂಗಳು, ಇಸ್ಪೀಟಿನ ತಿಂಗಳು ಎಂದೇ ಲೆಕ್ಕ. ನನ್ನ ಮದುವೆ ಆದದ್ದು ಪಿಟೀಲಿನ ತಿಂಗಳಲ್ಲಿ. ಹಲ್ಲು ಕೀಳುವ ಚಿತ್ರದ ಮುಂದೆ ಅಣ್ಣ ಕೆನ್ನೆ ಹಿಡಿದುಕೊಂಡು ನಿಲ್ಲುತ್ತಿದ್ದ. "ಯಾವನಿಗೋ ಯಾವ ಕಾಲದಲ್ಲೋ ಹಲ್ಲು ಕಿತ್ರು. ಇವತ್ತು ನನ್ನ ದವಡೆ ನೋಯ್ತದಲ್ಲೇ! ಹಂಗೆ ಬರೀಬೇಕು ಕಣೇ ಆಡೇ. ನೆನೆಸ್ಕೊಂಡು ಬರೀಬಾರ್ದು, ನೋಡಿ ಬರೀಬೇಕು."

ಪಿಟೀಲಿನ ಚಿತ್ರದ ಮೂಲೆಯಲ್ಲಿ ಒಬ್ಬ ಗೋಡೆಗೆ ಮುಖ ಮಾಡಿ, ನಮಗೆ ಬೆನ್ನು ಮಾಡಿ ನಿಂತಿದ್ದ. ಏನು ಮಾಡುತ್ತಿದ್ದಾನೆಂದು ಚಿಕ್ಕ ಮಕ್ಕಳಿಗೂ ಗೊತ್ತಾಗುವ ಹಾಗಿತ್ತು. "ಇವನಿಗೇನೋ?" ಅಂದಳು ಅವ್ವ. "ಮಜ್ಜಿಗೆ ಜಾಸ್ತಿ ಆಗೈತೆ," ಅಂದ ಅಣ್ಣ. ಆದರೆ ಆ ಹಾಳೆಯ ಮುಂದೆ ಅವನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತಿರುತ್ತಿದ್ದ. ಒಂದು ಸಲ ನನ್ನನ್ನು ಕರೆದು ತೋರಿಸಿದ. "ನೋಡೇ, ಇವರೆಲ್ಲ ನಾವು ನೋಡ್ತೀವಿ ಅಂತ ಒಂಚೂರು ನೆಟ್ಟಗೆ ಕೂತವ್ರೆ. ಇವನೊಬ್ಬನಿಗೆ ನಮ್ಮ ಪರಿವೇ ಇಲ್ಲ. ಇವನಿಂದ ಉಳಿದೋರೆಲ್ಲ ನಿಜ ಆಗವ್ರೆ."

ಅಲ್ಲಿಂದ ಶುರುವಾಯಿತು. ಬೇರೆ ಪೇಂಟರುಗಳು ಮೂಲೆಯಲ್ಲಿ ಹೆಸರು ಬರೆದರೆ ನಮ್ಮಣ್ಣ ಮೂಲೆಯಲ್ಲಿ ಬೆನ್ನು ಬರೆಯುತ್ತಿದ್ದ. ಗೋಡೆಗೆ ಮುಖ ಮಾಡಿದ ಒಬ್ಬ ಹೆಬ್ಬೆರಳುದ್ದದ ಮನುಷ್ಯ, ಖಾಕಿ ಅಂಗಿ, ಅಂಗಿಯ ಮೇಲೆ ನಾಲ್ಕು ಬಣ್ಣದ ಚುಕ್ಕಿ. ಪುರಸಭೆಯವರು "ಇಲ್ಲಿ ಮೂತ್ರ ಮಾಡಬಾರದು" ಎಂದು ಒಂದು ಬೋರ್ಡು ಬರೆಸಿದರು. ಅದರ ಮೂಲೆಗೂ ಅವನನ್ನು ನಿಲ್ಲಿಸಿಬಿಟ್ಟ. "ಏನಯ್ಯಾ ಇದು?" ಎಂದರೆ, "ಓದು ಬರದೋರಿಗೆ ಯಾವುದನ್ನ ಮಾಡಬಾರ್ದು ಅಂತ ಗೊತ್ತಾಗಬೇಡ್ವಾ ಸ್ವಾಮಿ," ಅಂದ. ಅವರು ಒಪ್ಪಿ ಬೋರ್ಡು ನೆಟ್ಟರು. ಜನ ಅದರ ಅಡಿಯಲ್ಲೇ ಸಾಲಾಗಿ ನಿಂತರು.

ತರೀಕೆರೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನವರು ಗೋಡೆಗೆ ಸರೋವರ, ಹಂಸ, ಹಿಮದ ಬೆಟ್ಟ ಬರೆ ಎಂದರು. ಆಗಿನ ಹೋಟೆಲುಗಳಿಗೆಲ್ಲ ಹಂಸವೇ.

"ತರೀಕೆರೇಲಿ ಹಂಸ ಎಲ್ಲೈತೆ ಯಜಮಾನ್ರೇ?"

"ಇಲ್ದೇ ಇರೋದಕ್ಕೇ ಕಣಯ್ಯಾ ಬರ್ಸೋದು."

"ನಿಮ್ ಗಿರಾಕಿಗಳವ್ರಲ್ಲ, ಅವ್ರನ್ನ ಬರೀತೀನಿ. ಹಂಸ ಬಂದು ಕಾಫಿ ಕುಡೀತದಾ?"

ಹಾಗೂ ಹೀಗೂ ಒಪ್ಪಿಸಿ ಒಂದು ವಾರ ಅಲ್ಲೇ ಮೂಲೆಯ ಮೇಜಿನಲ್ಲಿ ಕೂತು ನೋಡಿದ. ಆಮೇಲೆ ಬರೆದ. ಲೋಟದಿಂದ ಬಸಿಗೆ ಕಾಫಿ ಸುರಿದುಕೊಂಡು ಕೆನ್ನೆ ಉಬ್ಬಿಸಿ ಊದುವವನು, ಸ್ನೇಹಿತ ಬಂದದ್ದು ಕಂಡು ವಡೆಯ ಮೇಲೆ ಟೋಪಿ ಮುಚ್ಚಿದವನು, ಪಕ್ಕದವನ ಪೇಪರಿಗೆ ಕತ್ತು ಉದ್ದ ಮಾಡಿದವನು. ಮೇಜಿನಡಿಯ ನಾಯಿಯೂ ಅಲ್ಲಿಯದ್ದೇ. ಬೋರ್ಡಿನ ಸಾಲುಗಳಿಗೆ ಬಣ್ಣ ತುಂಬಲು ನಾನು ಹೋಗಿದ್ದಾಗ ಪೇಪರಿಗೆ ಕತ್ತು ಉದ್ದ ಮಾಡಿದ್ದವರು ಜಗಳಕ್ಕೆ ಬಂದರು. "ಏನಪ್ಪಾ, ನಾನು ಇನ್ನೊಬ್ರ ಪೇಪರ್ ಕದ್ದು ಓದೋನಾ?" ಎಂದು ಅಬ್ಬರಿಸುತ್ತಲೇ ಕೂತರು. ಕೂತ ಮೇಲೆ ಪಕ್ಕದವರು ಪುಟ ತಿರುವಿದರು. "ಒಂದ್ನಿಮಿಷ ಇರ್ರಿ, ನಂದಿನ್ನೂ ಆಗಿಲ್ಲ," ಅಂದುಬಿಟ್ಟರು ಇವರು. ಇಡೀ ಹೋಟೆಲು ನಕ್ಕಿತು. ಕೊನೆಗೆ ಅವರೂ ನಕ್ಕು, ಅಣ್ಣನಿಗೆ ಕಾಫಿ ಹೇಳಿದರು. ಅದಾದ ಮೇಲೆ ತರೀಕೆರೆಯಲ್ಲಿ, ಆ ಗೋಡೆಯ ಮೇಲೆ ನಾನಿಲ್ಲವಲ್ಲ ಎಂದು ಮುನಿಸಿಕೊಂಡವರೇ ಜಾಸ್ತಿ.

ಈಗ ಮಠದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ನಗಿಸುವುದನ್ನೆಲ್ಲ ಬರೆದದ್ದು ಇಲ್ಲಿಗೆ ಬರಲು ಹಿಂಜರಿಯುತ್ತಿದ್ದೆ ಅಂತಲೂ ಇರಬಹುದು.

ತರೀಕೆರೆ ಅಜ್ಜಂಪುರದ ನಡುವಿನ ಒಂದು ಮಠದಲ್ಲಿ ಹೊಸದಾಗಿ ದಾಸೋಹದ ಮನೆ ಕಟ್ಟಿಸಿದರು. ಅಲ್ಲಿನ ಸ್ವಾಮಿಗಳನ್ನು ನಾವೆಲ್ಲ ಬುದ್ಧಿಯೋರು ಅನ್ನುತ್ತೇವೆ. ಅವರು ಅಣ್ಣನನ್ನು ಕರೆಸಿ, "ಕೈಲಾಸ ಎಲ್ಲ ಕಡೆ ಬರೆದವ್ರೆ. ಊಟದ ಮನೇಲಿ ಊಟ ಬರಿಯಪ್ಪ," ಅಂದರಂತೆ. ಅಣ್ಣನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಲಗೆಯಲ್ಲ, ಹೋಟೆಲಿನ ಗೋಡೆಯ ತುಂಡೂ ಅಲ್ಲ, ಇಡೀ ಗೋಡೆ. ಆಳೆತ್ತರದ ಜನ! ಅಂಚುಪಟ್ಟಿಗೆ ಬಣ್ಣ ತುಂಬಲು ನನ್ನನ್ನೂ, ಕಾವಲಿಗೆ ಅವ್ವನನ್ನೂ ಕರೆದುಕೊಂಡು ಹೋದ.

ಅವನು ಬರೆದದ್ದು ಒಂದು ಪಂಕ್ತಿ. ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದು ಕಣ್ಣನ್ನು ಮಾತ್ರ ಸೌಟಿನ ಮೇಲಿಟ್ಟವನು. ಹಲ್ಲಿಲ್ಲದ ಬಾಯಲ್ಲಿ ಮುದ್ದೆ ನುಂಗಿ ಕಣ್ಣು ಮೇಲೆ ಮಾಡಿದ ತಾತ. ಮನೆಯಲ್ಲಿರುವ ಮಗುವಿಗೆಂದು ಸೆರಗಿನಲ್ಲಿ ಒಂದು ಲಾಡು ಕಟ್ಟಿಕೊಳ್ಳುವ ತಾಯಿ. ಬಲಗಡೆಯ ಕೊನೆಯಲ್ಲಿ, ಪಂಕ್ತಿಗೆ ಆಚೆ, ಅಂಗಳದ ಗೋಡೆಗೆ ಮುಖ ಮಾಡಿ ಒಬ್ಬ. ಈ ಸಲ ಹೆಬ್ಬೆರಳುದ್ದ ಅಲ್ಲ, ಆಳುದ್ದ. ಬೆನ್ನ ತುಂಬ ಬಣ್ಣ ಒರೆಸಿದ ಖಾಕಿ ಅಂಗಿ.

ಅದೇ ಹೊತ್ತಿಗೆ ನನಗೊಂದು ಸಂಬಂಧ ಬಂದಿತ್ತು. ಅಜ್ಜಂಪುರದ ವ್ಯಾಪಾರದ ಮನೆತನ, ಮಠಕ್ಕೆ ತಲೆತಲಾಂತರದ ಭಕ್ತರು. ದಾಸೋಹದ ಮನೆ ಶುರುವಾಗುವ ದಿನ ಅಲ್ಲೇ ಹೆಣ್ಣು ನೋಡುವುದೆಂದು ಮಾತಾಗಿತ್ತು. ಹುಡುಗನನ್ನು ನಾನು ಮೊದಲೇ ನೋಡಿದ್ದೆ. ಕಡೂರಿಗೆ ಬಂದಿದ್ದಾಗ ನಮ್ಮ ಜಗುಲಿಯ ಮುಂದೆ ನಿಂತು, ನಾನು ಬಣ್ಣ ತುಂಬುತ್ತಿದ್ದ ಬೋರ್ಡನ್ನು ಜೋರಾಗಿ ಓದಿ, "ಅಕ್ಷರ ದುಂಡಗಿದೆ," ಎಂದು ಹೋಗಿದ್ದ. ನನಗೆ ಆ ಸಂಬಂಧ ಬೇಕಿತ್ತು. ಬಹಳ ಬೇಕಿತ್ತು.

ಹಿಂದಿನ ದಿನ ಅವ್ವ ಗೋಡೆ ನೋಡಿ ಎದೆ ಮೇಲೆ ಕೈಯಿಟ್ಟುಕೊಂಡಳು. "ಮಠದೊಳಗೂ ಆ ಮಜ್ಜಿಗೆಯೋನ್ನ ನಿಲ್ಲಿಸವ್ನಲ್ಲೇ! ಬೀಗ್ರು ಮೊದಲು ನೋಡೋದೇ ಅದನ್ನ. ಇಂಥ ಮನೆ ಹೆಣ್ಣಾ ಅಂತಾರೆ."

ನಾನು ಅಣ್ಣನ ಹತ್ತಿರ ಹೋದೆ. "ಅಣ್ಣಾ, ಅದೊಂದು ಬೇಡ ಕಣಣ್ಣಾ."

"ಯಾವುದು?"

"ಮೂಲೇಲಿ ನಿಂತಿರೋನು."

"ಅವನು ಹೋದ್ರೆ ಉಳಿದೋರೆಲ್ಲ ನಾಟಕದೋರ ಥರ ಕಾಣ್ತಾರೆ. ಇರ್ಲಿ ಬಿಡೇ. ಅವನು ಯಾರ ತಂಟೆಗೆ ಹೋಗವ್ನೆ?" ಎಂದು ನಗುತ್ತಾ ವಾರ್ನಿಷ್ ತರಲು ತರೀಕೆರೆ ಬಸ್ಸು ಹತ್ತಿದ.

ಮಧ್ಯಾಹ್ನ. ಊಟ ಮುಗಿದು ಎಲ್ಲರೂ ಒರಗಿದ್ದರು. ಅವ್ವನೂ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು. ಅಂಚುಪಟ್ಟಿಗೆಂದು ತಂದ ಹಸಿರು ಪೇಂಟಿನ ಡಬ್ಬ ಅಲ್ಲೇ ಇತ್ತು. ನಾನು ಅದರ ಮುಚ್ಚಳ ಮೀಟಿ ತೆಗೆದೆ. ಆ ಮನುಷ್ಯ ಯಾರು ಅಂತ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಅದು ನಮ್ಮಣ್ಣ, ಅದು ನಾನು ದಿನವೂ ನೋಡುವ ಅಂಗಿ. ಗೊತ್ತಿದ್ದೇ ಹಚ್ಚಿದೆ. ಅವನ ಮೇಲೆ ಒಂದು ಬಾಳೆಗಿಡ ಬರೆದೆ. ಕಾಲಿನ ಮೇಲೆ ಬುಡ, ಅಂಗಿಯ ಮೇಲೆ ಎಲೆ, ತಲೆಯ ಮೇಲೆ ದೊಡ್ಡದೊಂದು ಎಲೆ. ಬರೀ ಎಲೆ ಬೋಳಾಗಿ ಕಂಡಿತು ಅಂತ ಪಕ್ಕಕ್ಕೆ ಒಂದು ಗೊನೆ ಬೇರೆ.

ಅಣ್ಣ ಸಂಜೆ ಬಂದ. ವಾರ್ನಿಷ್ ಡಬ್ಬ ಕೆಳಗಿಟ್ಟು ಗೋಡೆಯ ಮುಂದೆ ನಿಂತ. ನನ್ನ ಎರಡೂ ಕೈ ಮುಂಗೈವರೆಗೆ ಹಸಿರಾಗಿದ್ದವು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗಿರಲಿಲ್ಲ, ಸೆರಗಿನೊಳಗೆ ಮುಚ್ಚಿಕೊಂಡಿದ್ದೆ.

"ಯಾರು ನೆಟ್ಟಿದ್ದೇ ಇದನ್ನ?"

"ಮಠದೋರು," ಅಂದೆ. "ಬುದ್ಧಿಯೋರಿಗೆ ಸರಿ ಕಾಣಲಿಲ್ವಂತೆ. ಯಾರೋ ಬೇರೆ ಪೇಂಟರ್ನ ಕರೆಸಿದ್ರು."

"ಓಹೋ." ಅಣ್ಣ ತುಂಬಾ ಹೊತ್ತು ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಗೊನೆ ತಲೆಕೆಳಗಾಗೈತಲ್ಲೇ. ಬಾಳೆಕಾಯಿ ಗಿಡದಲ್ಲಿ ಮೇಲಕ್ಕೆ ಮುಖ ಮಾಡಿರ್ತದೆ. ಇದು ಕೆಳಗೆ ಮುಖ ಹಾಕೈತೆ. ಪಾಪ, ಆ ಪೇಂಟರು ಅಂಗಡೀಲಿ ದಾರಕ್ಕೆ ಕಟ್ಟಿದ ಚಿಪ್ಪು ನೋಡವ್ನೆ, ಗಿಡ ನೋಡಿಲ್ಲ."

ಅಷ್ಟೇ. ಬ್ರಷ್ ತೊಳೆಯಲು ಬಾವಿಯ ಕಡೆ ಹೋದ.

ಮಾರನೇ ದಿನ ಬೀಗರು ಬಂದರು, ಒಪ್ಪಿದರು. ನಮ್ಮತ್ತೆ ಚಿತ್ರದ ಮುಂದೆ ನಿಂತು, "ಎಲ್ಲಕ್ಕಿಂತ ಆ ಬಾಳೆಗಿಡ ಶುಭವಾಗಿದೆ," ಅಂದರು. ಅಣ್ಣ ಕೈಮುಗಿದು, "ಹೌದ್ರಮ್ಮಾ, ಅದೊಂದು ನಂದಲ್ಲ," ಅಂದ.

ಅದಾದ ಮೇಲೆ ಅವನು ಮನುಷ್ಯರನ್ನು ಬರೆಯುವುದನ್ನು ಬಿಟ್ಟ. ನಾನು ತವರಿಗೆ ಹೋದಾಗಲೆಲ್ಲ ಜಗುಲಿಯ ಮೇಲೆ ಲಾರಿಯ ನಂಬರು, ಅಂಗಡಿಯ ಹೆಸರು, ಚುನಾವಣೆ ಬಂದರೆ ಗುರುತು, ಇಷ್ಟೇ. "ಯಾಕಣ್ಣಾ, ಹೋಟೆಲಿನೋರು ಯಾರೂ ಕರೀತಿಲ್ವಾ?" ಎಂದು ಕೇಳಿದರೆ, "ಒಂದು ಗೋಡೆ ಸಾಕು ಬಿಡೇ," ಎನ್ನುತ್ತಿದ್ದ. ಅವನ ಮನಸ್ಸು ಮುರಿದವಳು ನಾನೇ ಎಂದು ನನಗೆ ಖಾತ್ರಿಯಾಯಿತು. ಬುದ್ಧಿಯೋರು ತನ್ನ ಚಿತ್ರ ಕೆಡಿಸಿದರೆಂದು ನಂಬಿ ಕೊರಗುತ್ತಿದ್ದಾನೆ, ನನ್ನ ಬಾಯಿಂದ ಹೊರಟ ಸುಳ್ಳು ಅದು. ಒಂದು ಯುಗಾದಿಗೆ ಅಜ್ಜಂಪುರಕ್ಕೆ ಬಂದಿದ್ದ. ಹೇಳಿಬಿಡೋಣ ಎಂದು ಎದುರು ಕೂತೆ. "ಅಣ್ಣಾ, ಆ ಮಠದ ಗೋಡೆ..." ಎನ್ನುವಷ್ಟರಲ್ಲಿ, "ಮೊದಲು ಹೋಳಿಗೆ ಬಡಿಸೇ ಆಡೇ, ಹೊಟ್ಟೆ ಹಸಿದಾಗ ಗೋಡೆ ಕಾಣಲ್ಲ," ಅಂದ. ಬಡಿಸಿದೆ. ಧೈರ್ಯ ಹೋಳಿಗೆಯ ಜೊತೆ ಕರಗಿಹೋಯಿತು.

ನಮ್ಮ ಮನೆಯವರು ವರ್ಷಕ್ಕೊಮ್ಮೆ ಮಠಕ್ಕೆ ಹೋಗಲೇಬೇಕು. ನಾನು ಗದ್ದಿಗೆಗೆ ನಮಸ್ಕಾರ ಮಾಡಿ ಅಲ್ಲೇ ಜಗುಲಿಯಲ್ಲಿ ಕೂತುಬಿಡುತ್ತಿದ್ದೆ, ದಾಸೋಹದ ಮನೆಯ ಹೊಸಿಲು ತುಳಿಯುತ್ತಿರಲಿಲ್ಲ. ಇವತ್ತು ಒಪ್ಪತ್ತು ಅನ್ನುತ್ತಿದ್ದೆ. "ಅಜ್ಜಂಪುರದ ಸೊಸೆಗೆ ಮಠದ ಸಾರು ಸೇರಲ್ಲ," ಎಂದು ಹೆಂಗಸರು ಆಡಿಕೊಂಡರು. ಊಟ ಮುಗಿಸಿ ಬಂದ ಮಕ್ಕಳು ಗೋಡೆಯ ಬಗ್ಗೆ ಏನೋ ಹೇಳಲು ಬಾಯಿ ತೆಗೆದರೆ, "ಮೊದಲು ಕೈ ತೊಳೀರಿ," ಎಂದು ಗದರಿ ಕಳಿಸುತ್ತಿದ್ದೆ.

ಅಣ್ಣ ಹೋದದ್ದು ಸುಲಭವಾಗಿ. ಬೆಳಿಗ್ಗೆ ಒಂದು ಗಿರಣಿಯ ಬೋರ್ಡಿಗೆ ಅಂಚು ಎಳೆದು, ಜಗುಲಿಯ ಗೋಡೆಗೆ ಒರಗಿ ಕೂತವನು ಏಳಲಿಲ್ಲ. ಬಣ್ಣ ತುಂಬುವುದು ಬಾಕಿ ಇತ್ತು. ಕಾರ್ಯ ಎಲ್ಲ ಮುಗಿದ ಮೇಲೆ ಅದನ್ನು ನಾನೇ ತುಂಬಿ ಗಿರಣಿಯವರಿಗೆ ಕಳಿಸಿದೆ. ಹಾರಕ್ಕೆ ಕೊನೆಗೂ ಮದುವೆಯ ಆ ಫೋಟೋವನ್ನೇ ದೊಡ್ಡದು ಮಾಡಿಸಿ ಇಟ್ಟಿದ್ದೆವು. "ಬೆನ್ನಿಗೆ ಹಾರ ಹಾಕಿದ್ದು ನಾನಂತೂ ನೋಡಿಲ್ಲ," ಅಂದರು ನಮ್ಮತ್ತೆ.

ಮಠಕ್ಕೆ ಹೋಗಲೇಬೇಕೆಂದು ಯಜಮಾನರು ಹಟ ಹಿಡಿದರು. ಈ ಸಲ ನಾನು ಒಪ್ಪತ್ತು ಅನ್ನಲಿಲ್ಲ. ಅಲ್ಲಿ ಹೋಗಿ ನನ್ನ ಬಾಳೆಗಿಡವನ್ನು ತೋರಿಸಿ, ಇದು ನಾನು ಮಾಡಿದ್ದು ಎಂದು ಅವರಿಗಾದರೂ ಹೇಳಿಬಿಡಬೇಕು ಅನ್ನಿಸಿತು.

ಹೊಸಿಲು ದಾಟಿ ತಲೆ ಎತ್ತಿದೆ. ಪಂಕ್ತಿ ಹಾಗೆಯೇ ಇತ್ತು. ತಾತ ಇನ್ನೂ ಮುದ್ದೆ ನುಂಗುತ್ತಿದ್ದ, ತಾಯಿ ಇನ್ನೂ ಲಾಡು ಕಟ್ಟುತ್ತಿದ್ದಳು. ಬಲಗಡೆಗೆ ಕಣ್ಣು ಹೊರಳಿಸಲು ಹೆದರಿಕೆಯಾಯಿತು. ಹೊರಳಿಸಿದೆ.

ಬಾಳೆಗಿಡ ಇರಲಿಲ್ಲ. ಇತ್ತು, ಆದರೆ ಮೋಟು ಬುಡ, ತಲೆಕೆಳಗಾದ ಗೊನೆ, ಮೇಲೆ ಒಂದೇ ಒಂದು ಎಲೆ. ಅದರ ಪಕ್ಕದಲ್ಲಿ ಒಂದು ಆಡು. ಮುಂಗಾಲು ಎರಡನ್ನೂ ಗಿಡದ ಮೇಲಿಟ್ಟು ನಿಂತು, ಬಾಯಲ್ಲಿ ಎಲೆಯ ಚೂರು ಕಚ್ಚಿಕೊಂಡು, ಕಳ್ಳನೋಟದಲ್ಲಿ ನನ್ನನ್ನೇ ನೋಡುತ್ತಿತ್ತು. ಅದರ ಮುಂಗಾಲುಗಳು ಗೊರಸಿನಿಂದ ಮೇಲಕ್ಕೆ ಹಸಿರಾಗಿದ್ದವು. ನನ್ನ ಕೈ ಆವತ್ತು ಎಲ್ಲಿಯವರೆಗೆ ಹಸಿರಾಗಿತ್ತೋ ಅಲ್ಲಿಯವರೆಗೆ. ತಿಂದು ಮುಗಿದ ದಿಂಡು, ಎಲೆಗಳ ಜಾಗದಲ್ಲಿ ಕಾಲು, ಪಂಚೆ, ಬಣ್ಣ ಬಣ್ಣದ ಖಾಕಿ ಬೆನ್ನು. ಅಣ್ಣ ಅಲ್ಲೇ ನಿಂತಿದ್ದ. ತಲೆ ಮಾತ್ರ ಆ ಕೊನೆಯ ಎಲೆಯ ಹಿಂದೆ.

"ಬಂದ್ಯಾ ತಾಯಿ?" ಮಠದ ಅಡಿಗೆಯ ಅಜ್ಜ ಸೌಟು ಹಿಡಿದುಕೊಂಡೇ ಹೊರಗೆ ಬಂದ. "ನೀನೇ ಅಲ್ವಾ ಬಾಳೆ ನೆಟ್ಟೋಳು?"

ಯಜಮಾನರು ನನ್ನ ಮುಖ ನೋಡಿದರು.

"ಗೋಡೆ ಬರೆದ ಮುಂದಿನ ವರ್ಷ ಬಂದಿದ್ದ ನಿಮ್ಮಣ್ಣ," ಅಂದ ಅಜ್ಜ. "ಬುದ್ಧಿಯೋರ ಮುಂದೆ ಕೈ ಕಟ್ಕೊಂಡು ನಿಂತು, 'ಬುದ್ಧೀ, ನನ್ನ ತಂಗಿ ಇಲ್ಲೊಂದು ಬಾಳೆ ನೆಟ್ಟವಳೆ. ಕೀಳಕ್ಕೆ ಮನಸ್ಸು ಬರಲ್ಲ. ಒಂದು ಆಡು ಕಟ್ಕೊಳ್ಳಾ?' ಅಂದ. ಅವರು ನಕ್ಕಿದ್ದು ಈಗ್ಲೂ ಕಿವೀಲೈತೆ. 'ಕಟ್ಟಪ್ಪ, ಹಗ್ಗ ಉದ್ದ ಬಿಡು' ಅಂದ್ರು. ಅಲ್ಲಿಂದ ವರ್ಷಾ ವರ್ಷಾ ಸುಗ್ಗಿ ಆದ್ಮೇಲೆ ಬರೋನು. ವರ್ಷಕ್ಕೊಂದು ಎಲೆ. ಮಠಕ್ಕೆ ಬರೋ ಹುಡುಗ್ರೆಲ್ಲ ದೇವ್ರಿಗಿಂತ ಮೊದ್ಲು ಆಡು ಎಷ್ಟು ಮೇಯ್ತು ಅಂತ ನೋಡಕ್ಕೆ ಓಡೋವು."

"ಬುದ್ಧಿಯೋರಿಗೆ ಆ ನಿಂತಿರೋನು ತಪ್ಪು ಕಾಣ್ಲಿಲ್ವಾ ಅಜ್ಜಾ?"

"ಯಾಕೆ ಕಾಣ್ತದೆ? ಊಟ ಅಂದ್ಮೇಲೆ ಅದೂ ಇರ್ತದೆ ಅಂದ್ರು. ಗೊನೇನೊಂದು ನೆಟ್ಟಗೆ ಮಾಡಪ್ಪ ಅಂತ ಹೇಳಿದ್ರು. ನಿಮ್ಮಣ್ಣ ಮುಟ್ಟಲಿಲ್ಲ. ಅದು ಅವಳ ಕೈ ಗುರುತು ಇರ್ಲಿ ಅಂದ."

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ಯಜಮಾನರು ಗಾಬರಿಯಾಗಿ ನೀರಿನ ಚೊಂಬು ತಂದರು. "ಎಷ್ಟು ವರ್ಷ ಕರೆದೆ, ಬಾರೇ ನೋಡು ಅಂತ. ಒಪ್ಪತ್ತು ಒಪ್ಪತ್ತು ಅಂತ ಕೂತೆ."

"ಎಳ್ಕೊಂಡು ಬರ್ಬೇಕಿತ್ತು ಕಣ್ರೀ!" ಅಂದೆ.

"ಆ ಒಂದು ಎಲೆ ಯಾಕೆ ಬಿಟ್ಟ?" ಎಂದು ಅಜ್ಜನನ್ನು ಕೇಳಿದೆ.

"ನಾನೂ ಕೇಳ್ದೆ. ಈಚೆಗೆ ಬಂದಾಗೆಲ್ಲ ಬೇರೆ ಕಡೆ ಬಣ್ಣ ತಿದ್ದೋನು, ಅದನ್ನ ಮುಟ್ತಿರಲಿಲ್ಲ. 'ಅಜ್ಜಾ, ಅದರ ಹಿಂದೆ ಇರೋದು ನನ್ನ ತಲೆ. ನೋಡದೇ ಬರೆದಿದ್ದು ನಾನು ಇದೊಂದೇ, ಅದಕ್ಕೇ ಅದು ತಪ್ಪಾಗಿತ್ತು. ನನ್ನ ತಲೆ ಹಿಂದೆ ಹೆಂಗೈತೆ ಅಂತ ನಾನು ಯಾವತ್ತು ನೋಡಿದೀನಿ? ಅದನ್ನ ಸರಿಯಾಗಿ ನೋಡಿರೋಳು ಸೈಕಲ್ ಹಿಂದೆ ಕೂರ್ತಿದ್ದೋಳು ಒಬ್ಳೇ. ಬತ್ತಾಳೆ, ಬಂದಾಗ ಅವಳೇ ತಿನ್ಲಿ' ಅಂದ."

ಆವತ್ತು ನಾನು ಆ ಗೋಡೆಗೆ ಎದುರಾಗಿ ಕೂತು ಊಟ ಮಾಡಿದೆ. ಮಠದ ಸಾರು ಚೆನ್ನಾಗಿಯೇ ಇತ್ತು.

ಮುಂದಿನ ವಾರ ಅಣ್ಣನ ಡಬ್ಬಗಳನ್ನೂ ಬ್ರಷ್ಷುಗಳನ್ನೂ ಚೀಲಕ್ಕೆ ತುಂಬಿಕೊಂಡು ಮತ್ತೆ ಹೋದೆ. ಮೊದಲು ಆ ಎಲೆಯ ಮೇಲೆ ಗೋಡೆಯ ಬಣ್ಣ ಹಚ್ಚಿ ಒಣಗಲು ಬಿಟ್ಟೆ. ಆಮೇಲೆ ಕಣ್ಣು ಮುಚ್ಚಿದೆ. ಹಿರೇನಲ್ಲೂರಿನ ದಾರಿ, ಮಡಿಲಲ್ಲಿ ಹಸಿ ಬೋರ್ಡು, ಮುಂದೆ ಅಣ್ಣ. ನೆನೆಸಿಕೊಂಡು ಬರೆಯುತ್ತಿಲ್ಲ ಕಣಣ್ಣಾ, ನೋಡಿಯೇ ಬರೆಯುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಬಲಗಿವಿಯ ಪೆನ್ಸಿಲ್ಲು ಬಂತು. ಕತ್ತಿನ ಎರಡು ಗೆರೆ ಬಂದವು. ಒಂದು ಸುಳಿ ಬಂತು. ಇನ್ನೊಂದು ಸುಳಿ ಸರಿಯಾಗಿ ಎಲ್ಲಿತ್ತು ಎಂದು ಯೋಚಿಸುತ್ತಾ ಕೂತೆ.

ಅಡಿಗೆಯ ಅಜ್ಜ ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕ. ಏನೆಂದು ತಿರುಗಿದರೆ ನನ್ನ ಬಾಯಿಯನ್ನೇ ನೋಡುತ್ತಿದ್ದ. ಬ್ರಷ್ಷಿನ ಹಿಡಿ ನನ್ನ ಹಲ್ಲಿನ ನಡುವೆ ಇತ್ತು. ಗೋಡೆಯ ಮೇಲಿನ ಆಡೂ ನಾನೂ ಎದುರುಬದುರಾಗಿ ಅಗಿಯುತ್ತಿದ್ದೆವು.

"ಪಂಕ್ತಿ ಕೂರೋ ಹೊತ್ತಾಯ್ತು," ಅಂದ ಅಜ್ಜ. "ಬೇಗ ಮೇಯ್ದು ಮುಗಿಸವ್ವಾ!"